ದ್ರೋಹಕ್ಕೆ ನಿಯಮ ಬರೆಯುವುದು ಹೇಗೆ? ತಾಳಿಕೋಟೆ, ಕಿತ್ತೂರು, ನಂದಗಡ ಮತ್ತು ಯುದ್ಧದ ಬೋರ್ಡ್ ಆಟಗಳು

ನಮ್ಮ ಭಾಗದ ಮೂರು ಸೋಲುಗಳಿಗೆ ನಾವು ಒಂದೇ ಕಾರಣವನ್ನು ಹೇಳುತ್ತ ಬಂದಿದ್ದೇವೆ. 1565ರಲ್ಲಿ ಕೃಷ್ಣೆಯ ತೀರದಲ್ಲಿ ಅಳಿಯ ರಾಮರಾಯ ಸೋತದ್ದು ಅವನ ಸೈನ್ಯದ ಇಬ್ಬರು ಸರದಾರರು ನಡುಯುದ್ಧದಲ್ಲಿ ಪಕ್ಷ ಬದಲಿಸಿದ್ದರಿಂದ. 1824ರಲ್ಲಿ ಕಿತ್ತೂರಿನ ಕೋಟೆ ಬಿದ್ದದ್ದು ತೋಪಿನ ಮದ್ದಿನಲ್ಲಿ ಸಗಣಿ, ಜೋಳ ಬೆರೆಸಿದ್ದರಿಂದ. 1830ರಲ್ಲಿ ಸಂಗೊಳ್ಳಿ ರಾಯಣ್ಣ ಸೆರೆಯಾದದ್ದು ತನ್ನ ಸೀಮೆಯ ಗೌಡರೇ ಹಿಡಿದುಕೊಟ್ಟಿದ್ದರಿಂದ. ಲಾವಣಿಯಲ್ಲಿ, ಜಾತ್ರೆಯ ನಾಟಕದಲ್ಲಿ, ಶಾಲೆಯ ಭಾಷಣದಲ್ಲಿ ಕಥೆ ಅಲ್ಲಿಗೆ ಮುಗಿಯುತ್ತದೆ. ದ್ರೋಹ ನಡೆಯಲೇ ಇಲ್ಲ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಈ ಯುದ್ಧಗಳನ್ನು ಹಾಸಿನ ಮೇಲೆ ಹರಡಿ ಇಬ್ಬರು ಎದುರುಬದುರು ಕುಳಿತು ಆಡುವಂತೆ ಮಾಡಲು ಹೊರಟವನಿಗೆ ‘ದ್ರೋಹವಾಯಿತು’ ಎಂಬ ಮಾತಿನಿಂದ ಏನೂ ಸಿಗುವುದಿಲ್ಲ. ದ್ರೋಹ ಮಾಡಿದವನು ಯಾವಾಗ ಮನಸ್ಸು ಮಾಡಿದ, ಯಾವ ಆಸೆಗೆ ಅಥವಾ ಯಾವ ಭಯಕ್ಕೆ ಮಾಡಿದ, ಎದುರು ಕುಳಿತ ಆಟಗಾರ ಅದನ್ನು ತಪ್ಪಿಸಬಹುದಿತ್ತೇ, ತಪ್ಪಿಸಲು ಹೋದರೆ ಅವನಿಗೆ ಬೇರೆ ಯಾವ ನಷ್ಟವಾಗುತ್ತಿತ್ತು ಎಂಬ ಪ್ರಶ್ನೆಗಳಿಗೆಲ್ಲ ನಿಯಮದ ರೂಪದಲ್ಲಿ ಉತ್ತರ ಬರೆಯಬೇಕಾಗುತ್ತದೆ.

ಈ ಹವ್ಯಾಸದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಇಂದು ನಾವು ಆಡುವ ಬಗೆಯ ಯುದ್ಧದ ಬೋರ್ಡ್ ಆಟವನ್ನು ಮಾರಾಟಕ್ಕೆ ತಂದವನು ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್. 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಸ್ವಂತ ಖರ್ಚಿನಲ್ಲಿ ಹೊರತಂದ ಅವನು ಮುಂದೆ ಅವಲಾನ್ ಹಿಲ್ ಕಂಪನಿಯ ಮೂಲಕ 1958ರಲ್ಲಿ ‘ಗೆಟಿಸ್‌ಬರ್ಗ್’ ಪ್ರಕಟಿಸಿದ. ಆರು ಮೂಲೆಯ ಮನೆಗಳಿರುವ ನಕ್ಷೆ 1961ರಿಂದ ಬಳಕೆಗೆ ಬಂತು. ಚಚ್ಚೌಕದ ಮನೆಯಲ್ಲಿ ಮೂಲೆಯಿಂದ ಮೂಲೆಗೆ ಹೋದರೆ ದೂರದ ಲೆಕ್ಕ ತಪ್ಪುತ್ತದೆ. ಆರು ಮೂಲೆಯ ಮನೆಯಲ್ಲಿ ಯಾವ ದಿಕ್ಕಿಗೆ ಹೋದರೂ ಒಂದೇ ಲೆಕ್ಕ. ರಟ್ಟಿನ ಸಣ್ಣ ಕಾಯಿಗಳ ಮೇಲೆ ತುಕಡಿಯ ಬಲ ಮತ್ತು ನಡಿಗೆಯ ಅಂಕಿಗಳಿರುತ್ತವೆ. ಎರಡು ತುಕಡಿಗಳು ಎದುರಾದಾಗ ಬಲಾಬಲದ ಪ್ರಮಾಣ ನೋಡಿ, ದಾಳ ಹಾಕಿ, ಕೋಷ್ಟಕದಲ್ಲಿ ಫಲಿತಾಂಶ ಓದುವುದು ಹಳೆಯ ಪದ್ಧತಿ.

ಮೊದಲ ದಶಕಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಯುದ್ಧಗಳದ್ದೇ ರಾಜ್ಯಭಾರ: ವಾಟರ್‌ಲೂ, ಗೆಟಿಸ್‌ಬರ್ಗ್, ನಾರ್ಮಂಡಿ. ಹೆಸರೇ ಕೇಳಿರದ ಕದನಗಳಿಗೂ ಆಟಗಳು ಬರತೊಡಗಿದ್ದಕ್ಕೆ ವ್ಯಾಪಾರದ ಒಂದು ಕಾರಣವೂ ಇದೆ. ಜಿಎಂಟಿ ಎಂಬ ಅಮೆರಿಕದ ಪ್ರಕಾಶನವು ಮುಂಗಡವಾಗಿ ಸುಮಾರು 500 ಮಂದಿ ಕೊಳ್ಳುತ್ತೇವೆಂದು ಹೆಸರು ಕೊಟ್ಟರೆ ಆಟವನ್ನು ಅಚ್ಚಿಗೆ ಕಳಿಸುವ ಕ್ರಮವನ್ನು ರೂಢಿಗೆ ತಂದಿತು. ಜಗತ್ತಿನಾದ್ಯಂತ ಐನೂರು ಹುಚ್ಚರು ಸಿಕ್ಕರೆ ಸಾಕು ಎಂದಾದ ಮೇಲೆ ನವಾಹೊ ಜನರು ಮೂರು ಆಳ್ವಿಕೆಗಳ ವಿರುದ್ಧ ನಡೆಸಿದ ಹೋರಾಟದ ಮೇಲೆ 2013ರಲ್ಲಿ, 13ನೆಯ ಶತಮಾನದ ರಷ್ಯದ ಗಡಿಯಲ್ಲಿ ಜರ್ಮನ್ ನೈಟ್‌ಗಳು ನಡೆಸಿದ ದಂಡಯಾತ್ರೆಯ ಮೇಲೆ 2019ರಲ್ಲಿ ಆಟಗಳು ಬಂದವು. ವಿದೇಶದಿಂದ ಇವುಗಳನ್ನು ತರಿಸಿಕೊಂಡರೆ ಸಾಗಣೆ ಮತ್ತು ಸುಂಕ ಸೇರಿ ಡಬ್ಬಿಯ ಬೆಲೆಗಿಂತ ಡಬ್ಬಿ ಬಂದು ತಲುಪುವ ಬೆಲೆಯೇ ಹೆಚ್ಚಾಗುವುದುಂಟು. ಆದ್ದರಿಂದ ವಿಜಯಪುರದ ನಮ್ಮ ಸಣ್ಣ ಗುಂಪು ಹೆಚ್ಚಾಗಿ ವ್ಯಾಸಲ್ ಎಂಬ ಉಚಿತ ತಂತ್ರಾಂಶದಲ್ಲಿ ಆಡುತ್ತದೆ, ಇಲ್ಲವೇ ನಕ್ಷೆಯನ್ನು ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಕಾಯಿಗಳನ್ನು ರಟ್ಟಿಗೆ ಅಂಟಿಸಿ ಕತ್ತರಿಸಿಕೊಳ್ಳುತ್ತದೆ.

ದ್ರೋಹದ ವಿಷಯಕ್ಕೆ ಮರಳುತ್ತೇನೆ. ನಾನು ಆಡಿದ ಆಟಗಳಲ್ಲಿ ಎರಡು ಇದನ್ನು ಗಂಭೀರವಾಗಿ ತೆಗೆದುಕೊಂಡಿವೆ. ಒಂದು, ಮ್ಯಾಟ್ ಕಾಲ್ಕಿನ್ಸ್ ರೂಪಿಸಿದ 2011ರ ‘ಸೆಕಿಗಹಾರ’. 1600ರಲ್ಲಿ ಜಪಾನಿನ ಸೆಕಿಗಹಾರದಲ್ಲಿ ಕೊಬಯಾಕವ ಹಿದೆಅಕಿ ಎಂಬ ಸಾಮಂತ ಕದನದ ನಡುವೆ ತೊಕುಗವ ಇಯೆಯಾಸುವಿನ ಕಡೆ ತಿರುಗಿದ್ದು ಆ ದೇಶದ ಮುಂದಿನ ಎರಡೂವರೆ ಶತಮಾನಗಳನ್ನು ತೀರ್ಮಾನಿಸಿತು. ಈ ಆಟದಲ್ಲಿ ದಾಳವೇ ಇಲ್ಲ. ಒಂದು ಮನೆತನದ ತುಕಡಿಯನ್ನು ಕದನಕ್ಕಿಳಿಸಬೇಕಾದರೆ ಅದೇ ಮನೆತನದ ಲಾಂಛನವಿರುವ ಕಾರ್ಡು ನಿಮ್ಮ ಕೈಯಲ್ಲಿರಬೇಕು. ಎದುರಾಳಿ ನಿಷ್ಠೆಯನ್ನು ಪ್ರಶ್ನಿಸುವ ಕಾರ್ಡು ಎಸೆದಾಗ ಅದೇ ಲಾಂಛನದ ಇನ್ನೊಂದು ಕಾರ್ಡನ್ನು ನೀವು ತೋರಿಸಲಾಗದಿದ್ದರೆ ಆ ತುಕಡಿ ಆ ಕದನದ ಮಟ್ಟಿಗೆ ನಿಮ್ಮ ಮೇಲೆಯೇ ತಿರುಗಿಬೀಳುತ್ತದೆ. ಅಂದರೆ ಯಾರನ್ನು ನಂಬಬಹುದೆಂಬುದು ನಿಮ್ಮ ಕೈಯಲ್ಲಿ ಉಳಿದಿರುವ ಕಾರ್ಡುಗಳನ್ನು ಅವಲಂಬಿಸಿದೆ. ಎಲ್ಲ ಕಾರ್ಡುಗಳನ್ನೂ ಹೊಡೆತಕ್ಕೇ ಸುರಿದವನು ದ್ರೋಹಕ್ಕೆ ಬಾಗಿಲು ತೆರೆದಿಟ್ಟಂತೆ.

ಇನ್ನೊಂದು, 2002ರ ‘ಹ್ಯಾಮರ್ ಆಫ್ ದ ಸ್ಕಾಟ್ಸ್’. ಇಂಗ್ಲೆಂಡಿನ ವಿರುದ್ಧ ಸ್ಕಾಟ್ಲೆಂಡಿನ ಹೋರಾಟದ ಈ ಆಟದಲ್ಲಿ ರಟ್ಟಿನ ಕಾಯಿಗಳ ಬದಲು ಮರದ ತುಂಡುಗಳಿವೆ. ಅವನ್ನು ನಿಲ್ಲಿಸಿ ಇಡುವುದರಿಂದ ಅವುಗಳ ಬಲ ಎದುರಾಳಿಗೆ ಕಾಣುವುದಿಲ್ಲ. ಇಲ್ಲಿಯ ಹೆಚ್ಚಿನ ಜಹಗೀರುದಾರರು ಕದನದಲ್ಲಿ ಸೋತರೆ ಸಾಯುವುದಿಲ್ಲ, ಗೆದ್ದವನ ಪಕ್ಷ ಸೇರುತ್ತಾರೆ. ಚಳಿಗಾಲ ಬಂದಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಸೀಮೆಗೆ ಮರಳಲೇಬೇಕು. ಆ ಸೀಮೆ ಅಷ್ಟರಲ್ಲಿ ಶತ್ರುವಿನ ಕೈ ಸೇರಿದ್ದರೆ ಅವರೂ ಶತ್ರುವಿನವರೇ. ಜಮೀನು ಎಲ್ಲಿದೆಯೋ ನಿಷ್ಠೆ ಅಲ್ಲಿ. ದೇಸಾಯಿ, ಇನಾಮದಾರ, ಗೌಡ, ಕುಲಕರ್ಣಿಗಳ ಇತಿಹಾಸ ಬಲ್ಲ ಬೆಳಗಾವಿ ಸೀಮೆಯವರಿಗೆ ಈ ನಿಯಮವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತಾಳಿಕೋಟೆಯ ಕದನವನ್ನು ಆಟವಾಗಿಸುವ ಯತ್ನದಲ್ಲಿ ಮೊದಲ ಜಗಳ ಬಂದದ್ದು ನಕ್ಷೆಯ ಮೇಲೆ. ಸುಲ್ತಾನರ ಸೈನ್ಯಗಳು ಸೇರಿದ್ದು ಡೋಣಿ ನದಿಯ ಬಳಿಯ ತಾಳಿಕೋಟೆಯಲ್ಲಿ, ಆದ್ದರಿಂದ ಹೆಸರು ಅದಕ್ಕೆ ಅಂಟಿತು. ಕದನ ನಡೆದದ್ದು ಅಲ್ಲಿಂದ ದಕ್ಷಿಣಕ್ಕೆ, ಕೃಷ್ಣೆಯ ಹತ್ತಿರ. ಅದು ರಕ್ಕಸಗಿ–ತಂಗಡಗಿ ಎಂಬ ಊರುಗಳ ಬಳಿ ಎಂದರೆ ನದಿಯ ಉತ್ತರ ದಂಡೆ. ಸುಲ್ತಾನರು ನದಿ ದಾಟಿದ ಮೇಲೆ ಕಾಳಗವಾಯಿತು ಎಂದರೆ ದಕ್ಷಿಣ ದಂಡೆ. ಪುಸ್ತಕ ಬರೆಯುವವರು ಎರಡೂ ಅಭಿಪ್ರಾಯಗಳನ್ನು ಉಲ್ಲೇಖಿಸಿ ಮುಂದೆ ಹೋಗಬಹುದು, ಆದರೆ ನಕ್ಷೆ ಬರೆಯುವವನು ನದಿಯನ್ನು ಸೈನ್ಯಗಳ ಮುಂದೆ ಇಡಬೇಕೋ ಬೆನ್ನ ಹಿಂದೆ ಇಡಬೇಕೋ ಎಂಬುದನ್ನು ತೀರ್ಮಾನಿಸಲೇಬೇಕು. ನಾನು ಫರಿಷ್ತಾನ ಹೇಳಿಕೆಯನ್ನು ಹಿಡಿದೆ. 1589ರಲ್ಲಿ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಚರಿತ್ರೆ ಬರೆದ ಆತನ ಪ್ರಕಾರ, ರಾಮರಾಯನ ಕಡೆಯವರು ಹಾಯ್ಗಡವನ್ನು, ಅಂದರೆ ನದಿಯನ್ನು ನಡೆದು ದಾಟುವ ಜಾಗವನ್ನು, ಭದ್ರವಾಗಿ ಕಾಯುತ್ತಿದ್ದುದರಿಂದ ಸುಲ್ತಾನರು ಬೇರೆ ಹಾಯ್ಗಡ ಹುಡುಕುವವರಂತೆ ನದಿಯ ಗುಂಟ ನಡೆದು, ಎದುರು ದಂಡೆಯ ಸೈನ್ಯವನ್ನು ತಮ್ಮ ಜೊತೆ ಎಳೆದುಕೊಂಡು ಹೋಗಿ, ರಾತ್ರೋರಾತ್ರಿ ತಿರುಗಿ ಬಂದು ಬರಿದಾಗಿದ್ದ ಹಳೆಯ ಹಾಯ್ಗಡದಲ್ಲೇ ದಾಟಿದರು. ಆಟಗಾರನಿಗೆ ಇದಕ್ಕಿಂತ ರುಚಿಯಾದ ತುತ್ತು ಬೇರೆ ಇಲ್ಲ. ಇಂದು ಹೋಗಿ ನೋಡುತ್ತೇನೆಂದರೆ ನಾರಾಯಣಪುರ ಜಲಾಶಯದ ಹಿನ್ನೀರು ನದಿಯ ಹಳೆಯ ಪಾತ್ರವನ್ನು ಮುಚ್ಚಿಕೊಂಡಿದೆ.

ಇನ್ನು ಆ ಇಬ್ಬರು ಸರದಾರರು. ನಮ್ಮಲ್ಲಿ ಗಿಲಾನಿ ಸಹೋದರರೆಂದು ಪ್ರಸಿದ್ಧರಾದ ಇವರ ಕಥೆಗೆ ಮುಖ್ಯ ಆಧಾರ 1567ರಲ್ಲಿ ವಿಜಯನಗರಕ್ಕೆ ಬಂದಿದ್ದ ವೆನಿಸ್‌ನ ವ್ಯಾಪಾರಿ ಸೆಸಾರೆ ಫೆದೆರಿಚಿಯ ಬರಹ. ಒಬ್ಬೊಬ್ಬರ ಕೈಕೆಳಗೆ 70–80 ಸಾವಿರ ಜನರಿದ್ದರೆಂದು ಅವನು ಬರೆಯುತ್ತಾನೆ. ಫರಿಷ್ತಾ ಹೇಳುವ ಕಾರಣಗಳೇ ಬೇರೆ: ಅಹಮದನಗರದ ತೋಪುಗಳು, ಅವುಗಳಲ್ಲಿ ಗುಂಡಿನ ಬದಲು ತುಂಬಿದ ತಾಮ್ರದ ನಾಣ್ಯಗಳ ಚೀಲಗಳು, ಗೊಂದಲದಲ್ಲಿ ಸೆರೆಸಿಕ್ಕ ಮುದಿ ರಾಮರಾಯ, ಹುಸೇನ್ ನಿಜಾಮ್ ಶಾಹನ ಅಪ್ಪಣೆಯಂತೆ ಕಡಿದ ಅವನ ತಲೆ. ಆಟದಲ್ಲಿ ನಾನು ಮೊದಲು ದ್ರೋಹದ ನಿಯಮವನ್ನು ಇಬ್ಬರು ನಿರ್ದಿಷ್ಟ ಸರದಾರರಿಗೆ ಅಂಟಿಸಿದ್ದೆ. ಕಥೆ ಬಲ್ಲ ಯಾವ ಆಟಗಾರನೂ ಅವರನ್ನು ಮುಂಚೂಣಿಗೆ ಕಳಿಸಲಿಲ್ಲ. ಅವರನ್ನು ಹಿಂದಿನ ಸಾಲಿನಲ್ಲಿ ಕೂಡಿಸಿ, ತನ್ನ ಸೈನ್ಯದ ದೊಡ್ಡ ಪಾಲನ್ನು ತಾನೇ ನಿರುಪಯೋಗಿ ಮಾಡಿಕೊಂಡು, ಎರಡೂ ಪಕ್ಕಗಳಲ್ಲಿ ಸುತ್ತುವರಿಯಲ್ಪಟ್ಟು ಸೋಲುತ್ತಿದ್ದ. ಸೋತ ಮೇಲೆ ನಿಯಮ ಸರಿಯಿಲ್ಲ ಎನ್ನುತ್ತಿದ್ದ. ನನಗಂತೂ ಆ ಸೋಲೇ ಆಟದ ಅತ್ಯಂತ ನಿಜವಾದ ಭಾಗವೆನಿಸಿತು: ರಾಮರಾಯನಿಗೆ ಆ ತುಕಡಿಗಳು ಬೇಕಾಗಿದ್ದವು, ಅದಕ್ಕೇ ಅವನು ನಂಬಿದ. ಈಗ ಯಾರು ತಿರುಗಿಬೀಳುವರೆಂಬುದನ್ನು ಮಗುಚಿಟ್ಟ ಬಿಲ್ಲೆಗಳು ತೀರ್ಮಾನಿಸುತ್ತವೆ. ಸುಲ್ತಾನರ ಕಡೆಯ ನಾಲ್ವರಿಗೂ ಅದೇ ಬಗೆಯ ಬಿಲ್ಲೆಗಳಿವೆ, ಏಕೆಂದರೆ ಅದಕ್ಕೆ ಕೆಲವೇ ವರ್ಷಗಳ ಹಿಂದೆ ಇದೇ ಬಿಜಾಪುರದ ಅಲಿ ಆದಿಲ್ ಶಾಹನು ರಾಮರಾಯನ ಜೊತೆ ಸೇರಿ ಅಹಮದನಗರದ ಮೇಲೆ ದಂಡೆತ್ತಿ ಹೋಗಿದ್ದನು.

ಕಿತ್ತೂರು ಇನ್ನೂ ಕಠಿಣ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಬಾಗಿಲಲ್ಲಿ ಸತ್ತ, ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಅಧಿಕಾರಿಗಳು ರಾಣಿ ಚನ್ನಮ್ಮನ ಕೈಗೆ ಸೆರೆಸಿಕ್ಕರು. ಕಂಪನಿಯವರು ದೊಡ್ಡ ಸೈನ್ಯದೊಂದಿಗೆ ಮತ್ತೆ ಕೋಟೆಯ ಮುಂದೆ ನಿಂತದ್ದು ನವೆಂಬರ್ ಕೊನೆಯಲ್ಲಿ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಉತ್ಸವಗಳಲ್ಲಿ ನಾವು ಅಕ್ಟೋಬರ್ 23ನ್ನು ಆಚರಿಸುತ್ತೇವೆ, ನಾಟಕದಲ್ಲಿ ಡಿಸೆಂಬರಿನ ಸೋಲಿಗೆ ಅಳುತ್ತೇವೆ. ಆಟ ಇರುವುದು ಇವೆರಡರ ನಡುವಿನ ಸುಮಾರು ಆರು ವಾರಗಳಲ್ಲಿ. ಸೆರೆಯಾಳುಗಳನ್ನು ಇಟ್ಟುಕೊಂಡರೆ ಕಂಪನಿಗೆ ತೋಪು ಹಾರಿಸಲು ಹಿಂಜರಿಕೆ. ಬಿಟ್ಟುಕೊಟ್ಟರೆ ಸಂಧಾನದ ಆಸೆ, ಆದರೆ ಕೈಯಲ್ಲಿದ್ದ ಹಿಡಿತ ತಪ್ಪುತ್ತದೆ. ಅಕ್ಕಪಕ್ಕದ ಸಂಸ್ಥಾನಗಳ ನೆರವು ಕೇಳಬೇಕು, ದವಸ ಕೂಡಿಸಬೇಕು, ಮದ್ದು ಮಾಡಿಸಬೇಕು. ಎಲ್ಲಕ್ಕೂ ಹಣ ಒಂದೇ ಬೊಕ್ಕಸದಿಂದ.

ಮದ್ದಿನ ನಿಯಮಕ್ಕೆ ದಾರಿ ತೋರಿಸಿದ್ದು ಪ್ರಶ್ಯ ದೇಶದ ಒಂದು ಹಳೆಯ ಆಟ, ಅದೂ ಕಾಕತಾಳೀಯವಾಗಿ ಅದೇ 1824ರದ್ದು. ಆ ವರ್ಷ ರೈಸ್ವಿಟ್ಸ್ ಎಂಬ ಯುವ ಸೇನಾಧಿಕಾರಿ, ತನ್ನ ತಂದೆ 1812ರಲ್ಲಿ ಅರಸನಿಗೆ ಒಪ್ಪಿಸಿದ್ದ ಆಟವನ್ನು ತಿದ್ದಿ, 1:8000 ಪ್ರಮಾಣದ ನಕ್ಷೆಯ ಮೇಲೆ ಆಡುವ ‘ಕ್ರೀಗ್‌ಸ್ಪೀಲ್’ ಅನ್ನು ಬರ್ಲಿನ್ನಿನಲ್ಲಿ ಪ್ರಕಟಿಸಿದ. ಸೇನೆಯ ಮುಖ್ಯಸ್ಥ ಮ್ಯೂಫ್ಲಿಂಗ್ ಅದನ್ನು ನೋಡಿ, ಇದು ಆಟವಲ್ಲ, ಯುದ್ಧದ ತರಬೇತಿ ಎಂದು ಉದ್ಗರಿಸಿ ಸೈನ್ಯಕ್ಕೆಲ್ಲ ಶಿಫಾರಸು ಮಾಡಿದನಂತೆ. ಅದರ ಜೀವಾಳ ಅಂಪೈರ್: ಇಬ್ಬರೂ ಆಟಗಾರರು ಅವನಿಗೆ ಆಜ್ಞೆಗಳನ್ನು ಬರೆದು ಕೊಡುತ್ತಾರೆ, ಅವರವರ ಸೈನಿಕರಿಗೆ ಕಾಣುವಷ್ಟನ್ನು ಮಾತ್ರ ಅವನು ಅವರವರಿಗೆ ತಿಳಿಸುತ್ತಾನೆ. ನಮ್ಮ ಕಿತ್ತೂರಿನ ಆಟದಲ್ಲಿ ಮದ್ದು ಕೆಟ್ಟಿದೆಯೇ ಇಲ್ಲವೇ ಎಂಬುದಕ್ಕೆ ಅಂಪೈರ್ ಆರಂಭದಲ್ಲೇ ಮರೆಯಲ್ಲಿ ದಾಳ ಹಾಕುತ್ತಾನೆ. ಕಿತ್ತೂರಿನ ಆಟಗಾರ ಬೇಕಾದರೆ ಒಂದು ತೋಪನ್ನು ಹಾರಿಸಿ ಪರೀಕ್ಷಿಸಬಹುದು. ಆದರೆ ಅದಕ್ಕೆ ಮದ್ದು ವ್ಯಯವಾಗುತ್ತದೆ, ಜೊತೆಗೆ ಉಗ್ರಾಣದವನಿಗೆ ಅಪನಂಬಿಕೆಯ ಸುಳಿವು ಸಿಕ್ಕು ಅವನು ನಿಷ್ಠನಾಗಿದ್ದರೂ ಮುನಿಸಿಕೊಳ್ಳುತ್ತಾನೆ.

ಕಾಯಿಗಳ ಮೇಲೆ ಹೆಸರು ಬರೆಯಬೇಕೇ ಬೇಡವೇ ಎಂಬುದರ ಬಗ್ಗೆ ಬಾಗಲಕೋಟೆಯ ಗೆಳೆಯರೊಬ್ಬರಿಗೂ ನನಗೂ ಇಂದಿಗೂ ಸಹಮತವಿಲ್ಲ. ಇತಿಹಾಸದ ಹೆಸರುಗಳೇ ಇರಬೇಕು, ಇಲ್ಲವಾದರೆ ಇದು ಕಿತ್ತೂರು ಹೇಗಾದೀತು ಎಂಬುದು ಅವರ ವಾದ. ಆದರೆ ಕನ್ನಡ ಬಲ್ಲವನಿಗೆ ಕಿತ್ತೂರಿನ ದ್ರೋಹಿಯೆಂದೇ ಹೆಸರಾದ ಮಲ್ಲಪ್ಪ ಶೆಟ್ಟಿಯ ಹೆಸರಿನ ಕಾಯಿ ಕಂಡ ಕೂಡಲೇ ಕೈ ಹಿಂದೆ ಸರಿಯುತ್ತದೆ. ಅವನನ್ನು ಮೊದಲ ಸರದಿಯಲ್ಲೇ ಸೆರೆಗೆ ಹಾಕಿಬಿಡುತ್ತಾನೆ. ವ್ಯಾಸಲ್‌ನಲ್ಲಿ ಜೊತೆಗೂಡಿದ ಹೊರರಾಜ್ಯದ ಆಟಗಾರರು, ಕಿತ್ತೂರಿನ ಹೆಸರನ್ನು ಮಾತ್ರ ಕೇಳಿದ್ದವರು, ಅದೇ ಕಾಯಿಯನ್ನು ದಿವಾನಗಿರಿಯಲ್ಲಿ ಕೂಡಿಸಿ ನಿಶ್ಚಿಂತರಾಗಿ ಆಡಿದರು. ಅಪರಿಚಿತ ಯುದ್ಧಗಳ ಆಟಗಳು ಪ್ರಸಿದ್ಧ ಯುದ್ಧಗಳ ಆಟಗಳಿಗಿಂತ ಚೆನ್ನಾಗಿರುವುದಕ್ಕೆ ಕಾರಣ ಇದೇ ಎಂದು ನನ್ನ ನಂಬಿಕೆ: ಆಡುವವನಿಗೆ ನಾಳೆ ಏನಾಗಲಿದೆ ಎಂಬುದು ತಿಳಿದಿರುವುದಿಲ್ಲ. ವಾಟರ್‌ಲೂ ಆಟದಲ್ಲಿ ಪ್ರಶ್ಯನ್ನರು ಬಂದೇ ಬರುತ್ತಾರೆಂದು ನೆಪೋಲಿಯನ್ನನ ಜಾಗದಲ್ಲಿ ಕುಳಿತ ಪ್ರತಿಯೊಬ್ಬನಿಗೂ ಗೊತ್ತು. ನಮಗೆ ಕಿತ್ತೂರೇ ವಾಟರ್‌ಲೂ, ಆದ್ದರಿಂದ ನಾನು ಕಾಯಿಗಳ ಮೇಲೆ ಕಿಲ್ಲೇದಾರ, ದಿವಾನ, ಉಗ್ರಾಣದವನು ಎಂದು ಹುದ್ದೆಗಳನ್ನಷ್ಟೇ ಬರೆದಿದ್ದೇನೆ.

ರಾಯಣ್ಣನ ಆಟದ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಮೋಹ. ಇದರಲ್ಲಿ ಎರಡು ಕಡೆಗಳು ಸಮಾನವಲ್ಲ, ಅವುಗಳ ಗುರಿಯೂ ಒಂದಲ್ಲ. ಗುಡಿಗಳ ಹಾಸುಗಲ್ಲಿನ ಮೇಲೆ ಕೆತ್ತಿದ ಹುಲಿ–ಕುರಿ ಆಟವನ್ನು ಆಡಿದವರಿಗೆ ಇದು ಹೊಸತಲ್ಲ: ಕೆಲವೇ ಹುಲಿಗಳು ಹಾರಿ ಹಾರಿ ಕೊಲ್ಲುತ್ತವೆ, ಮಂದೆಯಷ್ಟು ಕುರಿಗಳು ಸಾಯುತ್ತಲೇ ದಾರಿ ಕಟ್ಟುತ್ತವೆ. ತನ್ನ ಜಮೀನನ್ನು ಕಂಪನಿ ಕಸಿದುಕೊಂಡ ಮೇಲೆ ಬಂಡೆದ್ದ ರಾಯಣ್ಣ ಬೀಡಿ, ನಂದಗಡ, ಖಾನಾಪುರ, ಸಂಪಗಾವಿಗಳ ಸುತ್ತ ಕಚೇರಿಗಳಿಗೆ ಬೆಂಕಿಯಿಟ್ಟು, ಖಜಾನೆ ಲೂಟಿ ಮಾಡಿ, ಜಮೀನಿನ ಕಾಗದಪತ್ರಗಳನ್ನು ಸುಟ್ಟ. ಚನ್ನಮ್ಮನ ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಯ ಮೇಲೆ ಕೂಡಿಸುವುದು ಅವನ ಉದ್ದೇಶವಾಗಿತ್ತು. 1830ರ ಏಪ್ರಿಲ್‌ನಲ್ಲಿ ಸೆರೆಸಿಕ್ಕ ಅವನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಆಟದಲ್ಲಿ ರಾಯಣ್ಣನ ಕಾಯಿ ನಕ್ಷೆಯ ಮೇಲೆ ಇರುವುದೇ ಇಲ್ಲ. ಅವನು ಎಲ್ಲಿದ್ದಾನೆಂಬುದನ್ನು ಆಟಗಾರ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಪಶ್ಚಿಮದ ಕಾಡಿನ ಮನೆಗಳಲ್ಲಿ ಅವನ ನಡಿಗೆ ಚುರುಕು, ಪೂರ್ವದ ಎರೆಹೊಲದ ಬಯಲಿನಲ್ಲಿ ಕಂಪನಿಯ ಕುದುರೆ ಚುರುಕು.

ಪ್ರತಿ ಊರಿನ ಗೌಡನಿಗೂ ಒಂದು ಒಲವಿನ ಪಟ್ಟಿಯಿದೆ. ರಾಯಣ್ಣ ಕಾಗದಪತ್ರ ಸುಟ್ಟರೆ ಒಲವು ಅವನ ಕಡೆ ಸರಿಯುತ್ತದೆ, ಉಳ್ಳವರಿಂದ ಹಣ ಕಸಿದರೆ ಕಂಪನಿಯ ಕಡೆ. ವತನ ಕಿತ್ತುಕೊಳ್ಳುತ್ತೇವೆಂದು ಕಂಪನಿ ಹೆದರಿಸಿದರೆ ಆ ಗೌಡ ಬಗ್ಗುತ್ತಾನೆ, ಆದರೆ ನೆರೆಯ ಎರಡು ಊರುಗಳು ಸಿಡಿಯುತ್ತವೆ. ಇಷ್ಟೇ ಆಗಿದ್ದರೆ ರಾಯಣ್ಣನ ಆಟಗಾರ ಯಾರನ್ನೂ ನಂಬದೆ ಕಾಡಿನಲ್ಲೇ ಸುತ್ತುತ್ತ ಕಾಲ ಕಳೆಯುತ್ತಿದ್ದ. ಅದಕ್ಕೇ ವಿಶ್ರಾಂತಿಯ ನಿಯಮ: ಕೆಲವು ಸರದಿಗಳಿಗೊಮ್ಮೆ ಅವನ ಜನ ಉಣ್ಣಬೇಕು, ಗಾಯ ಮಾಯಬೇಕು, ಮದ್ದು ತುಂಬಿಕೊಳ್ಳಬೇಕು, ಮತ್ತು ಇವೆಲ್ಲ ಒಂದು ಊರಿನಲ್ಲೇ ಆಗಬೇಕು. ಹಳ್ಳದಲ್ಲಿ ಸ್ನಾನಕ್ಕೆ ಇಳಿದು ಕತ್ತಿಯನ್ನು ಬೇರೆಯವನ ಕೈಗೆ ಕೊಟ್ಟಾಗ ಹಿಡಿದರು ಎಂಬ ಪ್ರತೀತಿಯನ್ನು ನಾನು ಆಟಕ್ಕೆ ತಂದುಕೊಂಡದ್ದು ಹೀಗೆ. ಎಷ್ಟೇ ಎಚ್ಚರಿಕೆಯ ಆಟಗಾರನಾದರೂ ಒಂದಲ್ಲ ಒಂದು ಗೌಡನ ಮನೆಯ ಮುಂದೆ ಕತ್ತಿ ಕೆಳಗಿಡಲೇಬೇಕಾಗುತ್ತದೆ, ಯಾರ ಮನೆ ಎಂಬುದಷ್ಟೇ ಅವನ ಆಯ್ಕೆ.

ಮುಧೋಳದ ಹತ್ತಿರದ ಹಲಗಲಿಯ ಮೇಲೆಯೂ ಆಟ ಮಾಡಬೇಕೆಂದು ಕೆಲವರು ಕೇಳಿದ್ದಾರೆ. ನಾನು ಒಪ್ಪಿಲ್ಲ. 1857ರ ನವೆಂಬರ್ ಕೊನೆಯಲ್ಲಿ, ಆಯುಧ ಒಪ್ಪಿಸಬೇಕೆಂಬ ಕಾಯಿದೆಗೆ ಬಗ್ಗದ ಬೇಡರ ಊರಿನ ಮೇಲೆ ಕಂಪನಿಯ ಸೈನ್ಯ ಬಿದ್ದು, ಊರಿಗೆ ಬೆಂಕಿಯಿಟ್ಟಿತು. ಆಮೇಲೆ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಮಂದಿಯನ್ನು ಗಲ್ಲಿಗೇರಿಸಿದರು. ಆಯುಧ ಕೊಡುವುದೇ ಬೇಡವೇ ಎಂಬ ಒಂದು ತೀರ್ಮಾನವನ್ನು ಬಿಟ್ಟರೆ ಆ ಊರಿನವರಿಗೆ ಬೇರೆ ನಡೆ ಇರಲಿಲ್ಲ, ಆ ತೀರ್ಮಾನವನ್ನೂ ಅವರು ಮೊದಲೇ ಮಾಡಿಯಾಗಿತ್ತು. ಒಂದು ಕಡೆಯವನಿಗೆ ನಡೆಸಲು ಕಾಯಿಯೇ ಇಲ್ಲದ ಹಾಸಿನ ಮುಂದೆ ಯಾರನ್ನು ಕೂಡಿಸುವುದು?

ಸದ್ಯ ರಾಯಣ್ಣನ ಆಟದ ನಕ್ಷೆಯನ್ನು ತಿದ್ದುತ್ತಿದ್ದೇನೆ. ಸರ್ವೇ ಆಫ್ ಇಂಡಿಯಾ 1:50,000 ಪ್ರಮಾಣದ ನಕ್ಷೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿರುವುದರಿಂದ ಹಳ್ಳ, ಗುಡ್ಡ, ಊರುಗಳನ್ನು ಗುರುತಿಸುವುದು ಸುಲಭವಾಗಿದೆ. ತೊಡಕು ಇರುವುದು ಮಲಪ್ರಭೆಯಲ್ಲಿ. ಸಂಪಗಾವಿಯ ಕಡೆಯಿಂದ ಬೀಡಿ, ನಂದಗಡದ ಕಡೆ ಹೋಗುವವನಿಗೆ ನದಿ ಅಡ್ಡ ಬರುತ್ತದೆ. ಬಂಡಾಯದ ಬಿಸಿ ಏರಿದ್ದು ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ, ಆಗ ನೀರು ಇಳಿದಿರುತ್ತದೆಯಾದರೂ ಎಲ್ಲ ಕಡೆ ದಾಟುವಷ್ಟು ಇಳಿದಿರುವುದಿಲ್ಲ. ನಾನು ಈಗ ನದಿಗುಂಟ ಎಲ್ಲ ಅಂಚುಗಳಿಗೂ ಒಂದೇ ವೆಚ್ಚ ಇಟ್ಟಿದ್ದೇನೆ, ಅದರಿಂದ ಕಂಪನಿಯ ಕುದುರೆಗಳಿಗೆ ಸಲ್ಲದ ಅನುಕೂಲವಾಗುತ್ತಿದೆ. ಖಾನಾಪುರ, ಬೈಲಹೊಂಗಲ, ಕಿತ್ತೂರು ತಾಲ್ಲೂಕುಗಳ ಓದುಗರ ಮನೆಯ ಹಿರಿಯರಿಗೆ ಸೇತುವೆಗಳಾಗುವ ಮುಂಚೆ ಎತ್ತಿನ ಗಾಡಿಗಳು ಯಾವ ಊರಿನ ಹತ್ತಿರ ಹೊಳೆ ದಾಟುತ್ತಿದ್ದವು, ಯಾವ ತಿಂಗಳಿನಿಂದ ದಾಟುತ್ತಿದ್ದವು ಎಂಬ ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿರಿ. ಆ ಊರುಗಳಲ್ಲಿ ಹಾಯ್ಗಡದ ಗುರುತು ಹಾಕಿದ ಮೇಲೆಯೇ ನಕ್ಷೆಯನ್ನು ಮತ್ತೊಮ್ಮೆ ಮುದ್ರಣಕ್ಕೆ ಕೊಡುತ್ತೇನೆ.